ಡಯಾಲಿಸಿಸ್‌ನಲ್ಲಿರುವ ಅವ್ವ ಎರಡು ಸಲ ಬಿದ್ದಿದ್ದಾಳೆ: ವಿಟಮಿನ್ ಡಿ ಕೊಟ್ಟರೆ ಕಾಲಿಗೆ ಬಲ ಬರುತ್ತದೆಯೆ?

ಬ್ರಹ್ಮಪುರ, ಕಲಬುರಗಿ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ನಮ್ಮ ಅವ್ವನಿಗೆ 61 ವರ್ಷ. ಸಕ್ಕರೆ ಕಾಯಿಲೆ ಬಂದು 18 ವರ್ಷವಾಯಿತು. ಎರಡೂ ಕಿಡ್ನಿ ಕೈಕೊಟ್ಟು ಡಯಾಲಿಸಿಸ್ ಶುರುವಾಗಿ ಬರುವ ಶ್ರಾವಣಕ್ಕೆ ಎರಡು ವರ್ಷ ತುಂಬುತ್ತದೆ. ವಾರಕ್ಕೆ ಮೂರು ಸಲ, ಪ್ರತಿ ಸಲ ನಾಲ್ಕು ತಾಸು. ಕಳೆದ ಮೂರು ತಿಂಗಳಲ್ಲಿ ಅವಳು ಎರಡು ಸಲ ಬಿದ್ದಿದ್ದಾಳೆ. ಮೊದಲನೆಯ ಸಲ ಡಯಾಲಿಸಿಸ್ ಮುಗಿಸಿ ಬಂದ ಸಂಜೆ ಬಚ್ಚಲಲ್ಲಿ. ಎರಡನೆಯ ಸಲ ನಸುಕಿನಲ್ಲಿ ಹಾಸಿಗೆಯಿಂದ ಎದ್ದು ಪಡಸಾಲೆಯ ಹೊಸ್ತಿಲು ದಾಟುವಾಗ. ಮೂಳೆ ಮುರಿಯಲಿಲ್ಲ, ಆದರೆ ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲು ರಕ್ತನಾಳಗಳನ್ನು ಜೋಡಿಸಿ ಮಾಡಿದ ಜಾಗ) ಇರುವ ಎಡಗೈ ಅಡಿಯಾಗಿ ಬಿದ್ದಿದ್ದರಿಂದ ಒಂದು ವಾರ ನಮಗೆ ಯಾರಿಗೂ ನಿದ್ದೆ ಇರಲಿಲ್ಲ.

ಬೀಳುವುದಕ್ಕಿಂತ ಮೊದಲೇ ನಾವು ಗಮನಿಸಬೇಕಾಗಿದ್ದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಅವ್ವ ನೆಲದ ಮೇಲೆ ಕೂತು ರೊಟ್ಟಿ ಬಡಿಯುವವಳು. ಮೊದಲೆಲ್ಲ ಕೊನೆಯ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ ಹಾಗೆಯೇ ಎದ್ದುಬಿಡುತ್ತಿದ್ದಳು. ಈಗ ಪರಾತವನ್ನು ಪಕ್ಕಕ್ಕೆ ಸರಿಸಿ, ಮೊಣಕಾಲೂರಿ, ಹಿಟ್ಟು ಮೆತ್ತಿದ ಬಲಗೈಯಿಂದ ಗೋಡೆ ಹಿಡಿದು, ಎರಡು ಸಲ ಪ್ರಯತ್ನಿಸಿದ ಮೇಲೆ ಏಳುತ್ತಾಳೆ. ಒಲೆಯ ಪಕ್ಕದ ಗೋಡೆಯ ಮೇಲೆ ಅವಳ ಅಂಗೈಯ ಗುರುತು ಒಂದೇ ಎತ್ತರದಲ್ಲಿ, ಒಂದರ ಮೇಲೊಂದು ಬಿದ್ದು ಉಳಿದಿದೆ. ಕೇಳಿದರೆ, “ಕಾಲಾಗ ಜೀವಾನೇ ಇಲ್ಲಪ್ಪ” ಎನ್ನುತ್ತಾಳೆ.

ಎರಡನೆಯ ಸಲ ಬಿದ್ದ ಮೇಲೆ ರಕ್ತ ಪರೀಕ್ಷೆ ಮಾಡಿಸಿದೆವು. ವಿಟಮಿನ್ ಡಿ 11 ಬಂದಿದೆ. ಔಷಧಿ ಅಂಗಡಿಯೊಂದರಲ್ಲಿ ರಿಪೋರ್ಟ್ ನೋಡಿದವರು, ವಾರಕ್ಕೊಂದು 60,000 ಯೂನಿಟ್‌ನ ವಿಟಮಿನ್ ಡಿ ಪುಡಿಯನ್ನು ಹಾಲಿನಲ್ಲಿ ಕೊಡಿ, ಎರಡೇ ತಿಂಗಳಲ್ಲಿ ಓಡಾಡುತ್ತಾರೆ ಎಂದರು. ಆದರೆ ಅವಳು ಈಗಾಗಲೇ ಕ್ಯಾಲ್ಸಿಟ್ರಯಾಲ್ ಎಂಬ 0.25ರ ಗುಳಿಗೆಯನ್ನು ನುಂಗುತ್ತಿದ್ದಾಳೆ, ಅದೂ ವಿಟಮಿನ್ ಡಿಯೇ ಎಂದು ಅದರ ಡಬ್ಬಿ ಹೇಳುತ್ತದೆ. ಹಾಗಿದ್ದ ಮೇಲೆ ರಿಪೋರ್ಟಿನಲ್ಲಿ ಕಡಿಮೆ ಏಕೆ ಬಂತು? ಅದನ್ನು ಏರಿಸಿದರೆ ಬೀಳುವುದು ನಿಲ್ಲುತ್ತದೆಯೆ? ತಿಳಿದವರು ದಯವಿಟ್ಟು ಹೇಳಬೇಕು.

ಡಯಾಲಿಸಿಸ್ ತಂತ್ರಜ್ಞೆ, ಬೀದರ್

ಅಣ್ಣಾವರೆ, ಪುಡಿಯ ವಿಷಯವನ್ನು ವೈದ್ಯರು ಹೇಳಲಿ. ನನಗೆ ಬೇರೆ ಕೆಲವು ವಿವರ ಬೇಕು. ತಾಯಿಯವರು ಬಿದ್ದ ಎರಡು ಹೊತ್ತನ್ನು ನೀವೇ ಬರೆದಿದ್ದೀರಿ: ಒಂದು ಡಯಾಲಿಸಿಸ್ ಮುಗಿದ ಸಂಜೆ, ಇನ್ನೊಂದು ಮಲಗಿದ್ದವರು ಎದ್ದ ಕೂಡಲೇ. ಈ ಎರಡು ಹೊತ್ತಿಗೂ ಸಾಮಾನ್ಯವಾದದ್ದು ಒಂದಿದೆ, ಎದ್ದು ನಿಂತಾಗ ಬಿ.ಪಿ. ಇಳಿಯುವುದು. ಮಶಿನ್ ಬಿಚ್ಚುವಾಗ ನಾವು ಅಳೆಯುವುದು ಮಲಗಿದ ಅಥವಾ ಒರಗಿದ ಬಿ.ಪಿ.ಯನ್ನು. ಅದು ಚೆನ್ನಾಗಿದೆ ಎಂದು ಬರೆದುಕೊಂಡು ಕಳಿಸಿದವರೇ ಬಾಗಿಲ ಬಳಿ ಕುಸಿದದ್ದನ್ನು ನಾನು ಕಂಡಿದ್ದೇನೆ.

ಆದ್ದರಿಂದ ಮುಂದಿನ ಸಲ ಸೂಜಿ ತೆಗೆದು ರಕ್ತ ನಿಂತ ಮೇಲೆ ಕೂತಾಗ ಒಂದು ಸಲ, ಎದ್ದು ನಿಂತು ಒಂದು ನಿಮಿಷಕ್ಕೆ ಒಂದು ಸಲ, ಮೂರು ನಿಮಿಷಕ್ಕೆ ಇನ್ನೊಂದು ಸಲ ಬಿ.ಪಿ. ನೋಡಲು ಕೇಳಿಕೊಳ್ಳಿ, ಫಿಸ್ಟುಲಾ ಇಲ್ಲದ ಕೈಯಲ್ಲಿ ಮಾತ್ರ. ಮೇಲಿನ ಅಂಕಿ 20ರಷ್ಟು ಅಥವಾ ಕೆಳಗಿನದು 10ರಷ್ಟು ಇಳಿದರೆ ಅದು ಗಮನಿಸಲೇಬೇಕಾದ ಇಳಿಕೆ. ಒಂದು ಡಯಾಲಿಸಿಸ್‌ನಿಂದ ಮತ್ತೊಂದಕ್ಕೆ ಎಷ್ಟು ಕಿಲೊ ತೂಕ ಏರುತ್ತದೆ ಎಂಬುದನ್ನೂ, ಅವರು ನುಂಗುವ ಪ್ರತಿಯೊಂದು ಗುಳಿಗೆಯ ಹೆಸರು ಮತ್ತು ಹೊತ್ತನ್ನೂ ಬರೆಯಿರಿ. ರಾತ್ರಿಯ ಗುಳಿಗೆಗಳನ್ನು ಬಿಡಬೇಡಿ.

ಕಿಡ್ನಿ ವೈದ್ಯ, ಕಲಬುರಗಿ

ಪ್ರಶ್ನೆ ಬಹಳ ಸರಿಯಾಗಿದೆ, ಏಕೆಂದರೆ “ವಿಟಮಿನ್ ಡಿ” ಎಂಬ ಒಂದೇ ಹೆಸರಿನಡಿ ನಾವು ಎರಡು ಬೇರೆ ಬೇರೆ ವಸ್ತುಗಳನ್ನು ಬರೆದುಕೊಡುತ್ತೇವೆ ಮತ್ತು ಅವುಗಳ ವ್ಯತ್ಯಾಸವನ್ನು ರೋಗಿಗೆ ವಿವರಿಸುವುದು ಕಡಿಮೆ.

ಬಿಸಿಲಿಗೆ ಚರ್ಮದಲ್ಲಿ ತಯಾರಾಗುವ ಡಿ, ಅಥವಾ ಆ ಪುಡಿಯಲ್ಲಿರುವ ಕೊಲೆಕ್ಯಾಲ್ಸಿಫೆರಾಲ್, ಇದ್ದ ಹಾಗೆಯೇ ಕೆಲಸ ಮಾಡುವುದಿಲ್ಲ. ಅದು ಮೊದಲು ಯಕೃತ್ತಿನಲ್ಲಿ ಒಂದು ಸಲ ಬದಲಾಗಿ 25-ಹೈಡ್ರಾಕ್ಸಿ ರೂಪಕ್ಕೆ ಬರುತ್ತದೆ. ನಿಮ್ಮ ರಿಪೋರ್ಟಿನ 11 ನ್ಯಾನೊಗ್ರಾಂ ಎಂಬ ಅಂಕಿ ಈ ರೂಪದ್ದು, ಸಾಮಾನ್ಯವಾಗಿ 20ಕ್ಕಿಂತ ಕಡಿಮೆ ಇದ್ದರೆ ಕೊರತೆ ಎನ್ನುತ್ತೇವೆ. ಅನಂತರ ಅದು ಮುಖ್ಯವಾಗಿ ಕಿಡ್ನಿಯಲ್ಲಿ ಎರಡನೆಯ ಸಲ ಬದಲಾಗಿ ಕ್ಯಾಲ್ಸಿಟ್ರಯಾಲ್ ಆಗುತ್ತದೆ. ದೇಹದಲ್ಲಿ ನಿಜವಾಗಿ ಕೆಲಸ ಮಾಡುವುದು ಇದು. ಈ ಕೊನೆಯ ಹಂತ ನಡೆಯುವುದು ಕಿಡ್ನಿಯಲ್ಲೇ ಎಂಬುದನ್ನು 1970ರಲ್ಲಿ ಕೇಂಬ್ರಿಜ್‌ನ ಫ್ರೇಸರ್ ಮತ್ತು ಕೊಡಿಚೆಕ್ ಎಂಬ ವಿಜ್ಞಾನಿಗಳು ಇಲಿಗಳಲ್ಲಿ ತೋರಿಸಿದರು: ಕಿಡ್ನಿ ತೆಗೆದ ಇಲಿಗಳಲ್ಲಿ ಆ ವಸ್ತು ತಯಾರಾಗಲಿಲ್ಲ.

ನಿಮ್ಮ ತಾಯಿಯವರಿಗೆ ಕೊಡುತ್ತಿರುವ ಗುಳಿಗೆ ಆ ಕೊನೆಯ ರೂಪದ್ದು. ಕಿಡ್ನಿ ಮಾಡಲಾರದ ಕೆಲಸವನ್ನು ಮುಗಿಸಿಯೇ ಗುಳಿಗೆಯಲ್ಲಿ ಇಟ್ಟಿರುತ್ತಾರೆ. ಅದು ಹಿಂದಕ್ಕೆ ತಿರುಗಿ 25-ಹೈಡ್ರಾಕ್ಸಿ ಆಗುವುದಿಲ್ಲ, ಆದ್ದರಿಂದ ಎಷ್ಟು ವರ್ಷ ನುಂಗಿದರೂ ರಿಪೋರ್ಟಿನ ಅಂಕಿ ಅದರಿಂದ ಏರುವುದಿಲ್ಲ. ಅಳತೆಯನ್ನೂ ನೋಡಿ: ಗುಳಿಗೆಯಲ್ಲಿರುವುದು 0.25 ಮೈಕ್ರೊಗ್ರಾಂ, 60,000ದ ಪುಡಿಯಲ್ಲಿರುವುದು 1,500 ಮೈಕ್ರೊಗ್ರಾಂ. ಒಂದು ಕುಯ್ದು ತಂದ ಜೋಳ, ಇನ್ನೊಂದು ಬೆಂದ ರೊಟ್ಟಿ. ತೂಕವನ್ನು ತೂಕಕ್ಕೆ ಹೋಲಿಸಲು ಬರುವುದಿಲ್ಲ.

ಕ್ಯಾಲ್ಸಿಟ್ರಯಾಲ್ ಕೊಡುವ ಉದ್ದೇಶವೂ ಬೇರೆ. ಕಿಡ್ನಿ ಸೋತಾಗ ರಕ್ತದಲ್ಲಿ ಫಾಸ್ಫರಸ್ ಏರುತ್ತದೆ, ಕ್ಯಾಲ್ಸಿಯಂ ಇಳಿಯುತ್ತದೆ, ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಕೆರಳಿ ಪಿಟಿಎಚ್ ಎಂಬ ಹಾರ್ಮೋನನ್ನು ಹೆಚ್ಚು ಹೆಚ್ಚು ಸುರಿಸಿ ಮೂಳೆಯಿಂದ ಕ್ಯಾಲ್ಸಿಯಂ ಕೀಳುತ್ತವೆ. ಆ ಗ್ರಂಥಿಗಳನ್ನು ತಣ್ಣಗಿರಿಸಲು ಈ ಗುಳಿಗೆ. ಸ್ನಾಯುವಿನ ಬಲಕ್ಕೆಂದು ಅದನ್ನು ಬರೆದಿರುವುದಿಲ್ಲ. ಕ್ಯಾಲ್ಸಿಯಂ, ಫಾಸ್ಫರಸ್, ಪಿಟಿಎಚ್ ಈ ಮೂರರ ರಿಪೋರ್ಟನ್ನು ನಿಮ್ಮ ವೈದ್ಯರು ನೋಡುವ ತನಕ ಪುಡಿಯನ್ನು ಶುರು ಮಾಡಬೇಡಿ.

ರೋಗಿ, ಸೇಡಂ ತಾಲ್ಲೂಕು

ಡಾಕ್ಟರ್ ಸಾಹೇಬರ ಕೊನೆಯ ಮಾತಿಗೆ ನನ್ನದೊಂದು ಅನುಭವ ಸೇರಿಸುತ್ತೇನೆ. ನಾನು ಐದು ವರ್ಷದಿಂದ ಡಯಾಲಿಸಿಸ್‌ನಲ್ಲಿದ್ದೇನೆ. ಎರಡು ವರ್ಷದ ಹಿಂದೆ ಮೈ ನೋಯುತ್ತದೆಂದು, ಯಾರನ್ನೂ ಕೇಳದೆ, ಕ್ಯಾಲ್ಸಿಟ್ರಯಾಲ್ ಮತ್ತು ಕ್ಯಾಲ್ಸಿಯಂ ಗುಳಿಗೆಗಳ ಜೊತೆಗೇ ಆ ಪುಡಿಯನ್ನು ವಾರ ವಾರ ಐದು ತಿಂಗಳು ತೆಗೆದುಕೊಂಡೆ. ಬಾಯಿ ಒಣಗುವುದು, ಮಲಬದ್ಧತೆ, ಅನ್ನ ಕಂಡರೆ ವಾಕರಿಕೆ, ಹಗಲೆಲ್ಲ ಮಂಪರು. ಕೊನೆಗೆ ನೋಡಿದರೆ ಕ್ಯಾಲ್ಸಿಯಂ 11.6. ಎಲ್ಲವನ್ನೂ ನಿಲ್ಲಿಸಿ, ಮಶಿನ್ನಿನ ದ್ರಾವಣವನ್ನೂ ಬದಲಾಯಿಸಿ ಇಳಿಸಬೇಕಾಯಿತು. ಬಲ ಬರಲಿ ಎಂದು ತೆಗೆದುಕೊಂಡದ್ದರಿಂದ ಆ ಐದು ತಿಂಗಳು ಹಾಸಿಗೆ ಹಿಡಿದೆ, ಇದ್ದ ಬಲವೂ ಹೋಯಿತು.

ಬ್ರಹ್ಮಪುರ, ಕಲಬುರಗಿ

ಅಕ್ಕಾವರು ಕೇಳಿದ ವಿವರ ತಂದಿದ್ದೇನೆ. ಡಯಾಲಿಸಿಸ್ ಮುಗಿದ ಮೇಲೆ ಕೂತಾಗ 132/74, ನಿಂತ ಒಂದು ನಿಮಿಷಕ್ಕೆ 104/62, ಮೂರನೆಯ ನಿಮಿಷಕ್ಕೆ 98/60. ಆಗ ಅವ್ವ, ಕಣ್ಣಿಗೆ ಕತ್ತಲೆ ಬಂದಂತಾಗುತ್ತದೆ, ಆದರೆ ಇದು ದಿನವೂ ಇರುವುದೇ, ಎಂದಳು. ದಿನವೂ ಇರುವುದನ್ನು ಅವಳು ನಮಗೆ ಒಂದು ಸಲವೂ ಹೇಳಿರಲಿಲ್ಲ. ತೂಕ ಮೂರರಿಂದ ಮೂರೂವರೆ ಕಿಲೊ ಏರುತ್ತದೆ. ಅವಳ ಒಣ ತೂಕ, ಅಂದರೆ ಹೆಚ್ಚುವರಿ ನೀರು ತೆಗೆದ ಮೇಲೆ ಇರಬೇಕಾದ ತೂಕ, 48 ಕಿಲೊ. ಬೆಳಿಗ್ಗೆ ಎರಡು ಬಿ.ಪಿ. ಗುಳಿಗೆ, ಡಯಾಲಿಸಿಸ್ ದಿನವೂ ತಪ್ಪಿಸುವುದಿಲ್ಲ. ರಾತ್ರಿ ಅಂಗಾಲಿನ ಉರಿಗೆಂದು ಪ್ರಿಗಾಬಾಲಿನ್ 75ರ ಗುಳಿಗೆ ಎರಡು. ಬೆಳಿಗ್ಗೆ ಸಂಜೆ ಇನ್ಸುಲಿನ್.

ಡಯಾಲಿಸಿಸ್ ತಂತ್ರಜ್ಞೆ, ಬೀದರ್

48 ಕಿಲೊ ತೂಕದವರ ಮೈಯಿಂದ ನಾಲ್ಕು ತಾಸಿನಲ್ಲಿ ಮೂರೂವರೆ ಲೀಟರ್ ನೀರು ತೆಗೆದರೆ ಗಂಟೆಗೆ ಕಿಲೊಗೆ 18 ಮಿಲಿಲೀಟರ್ ಆಯಿತು. 13 ದಾಟಬಾರದೆಂದು ನಾವು ನೋಡುತ್ತೇವೆ. ಇದನ್ನು ಇಂದೇ ಅವರ ವೈದ್ಯರ ಗಮನಕ್ಕೆ ತನ್ನಿ; ತಾಸು ಹೆಚ್ಚಿಸಬೇಕೋ, ಒಣ ತೂಕವನ್ನು ತಿದ್ದಬೇಕೋ ಅವರು ನಿರ್ಧರಿಸಬೇಕು. ನಮ್ಮ ಕಡೆಯ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ನೀರು ಕುಡಿಯಬೇಡಿ ಎಂದು ಹೇಳುವುದು ಸುಲಭ, ಪಾಲಿಸುವುದು ಎಷ್ಟು ಕಷ್ಟವೆಂದು ನನಗೆ ಗೊತ್ತಿದೆ. ಅಡುಗೆಯಲ್ಲಿ ಉಪ್ಪು ಇಳಿಸಿದರೆ ನೀರಡಿಕೆ ತಾನಾಗಿ ಇಳಿಯುತ್ತದೆ. ಉಪ್ಪಿನಕಾಯಿ, ಹಪ್ಪಳ ಮೊದಲು ಹೋಗಲಿ.

ನಿವೃತ್ತ ಶಿಕ್ಷಕ, ಆಳಂದ

ಒಂದು ಸಂದೇಹ. ಕಲಬುರಗಿಯಷ್ಟು ಬಿಸಿಲು ರಾಜ್ಯದಲ್ಲಿ ಬೇರೆಲ್ಲಿದೆ? ಇಲ್ಲಿಯವರಿಗೆ ಬಿಸಿಲಿನ ವಿಟಮಿನ್ ಕೊರತೆಯಾಗುತ್ತದೆ ಎಂಬುದನ್ನು ನನ್ನ ಮನಸ್ಸು ಒಪ್ಪುವುದಿಲ್ಲ. ತಾಯಿಯವರನ್ನು ದಿನವೂ ಅಂಗಳದಲ್ಲಿ ಕೂರಿಸಿದರೆ ಸಾಲದೆ?

ಕಿಡ್ನಿ ವೈದ್ಯ, ಕಲಬುರಗಿ

ಗುರುಗಳೆ, ಬಿಸಿಲು ಊರಿನಲ್ಲಿರುವುದು ಒಂದು, ಚರ್ಮದ ಮೇಲೆ ಬೀಳುವುದು ಇನ್ನೊಂದು. ಡಿ ತಯಾರಿಸುವ ಕಿರಣಗಳು ಜೋರಾಗಿರುವುದು ಹತ್ತರಿಂದ ಮೂರರ ನಡುವೆ, ನಮ್ಮ ನೆರಳು ನಮಗಿಂತ ಚಿಕ್ಕದಾಗಿರುವ ಹೊತ್ತಿನಲ್ಲಿ. ಆ ಹೊತ್ತಿಗೆ ನಮ್ಮ ಮನೆಗಳ ಬಾಗಿಲು ಮುಚ್ಚಿರುತ್ತದೆ, ಹೊರಗಿದ್ದವರು ತಲೆಯ ತುಂಬ ಸೆರಗು ಅಥವಾ ಟವೆಲ್ ಹೊದ್ದಿರುತ್ತಾರೆ, ಡಯಾಲಿಸಿಸ್‌ನವರು ವಾರದ ಮೂರು ದಿನ ಸೂರಿನಡಿ ಮಲಗಿರುತ್ತಾರೆ. ಕಪ್ಪು ಚರ್ಮಕ್ಕೆ ಹೊತ್ತೂ ಹೆಚ್ಚು ಬೇಕು. ಬೇಸಿಗೆಯ ಮಧ್ಯಾಹ್ನ ಅವರನ್ನು ಅಂಗಳದಲ್ಲಿ ಕೂರಿಸಿದರೆ ನೀರಡಿಕೆ ಹೆಚ್ಚಿ ಆ ಮೂರೂವರೆ ಕಿಲೊ ನಾಲ್ಕೂವರೆ ಆಗುತ್ತದೆ. ಚಳಿಗಾಲದಲ್ಲಿ ಕೂತರೆ ಅಡ್ಡಿಯಿಲ್ಲ, ಆದರೆ 11ನ್ನು ಅದರಿಂದಲೇ ತುಂಬಿಸಬಹುದೆಂದು ನಂಬಿ ಕೂರಬಾರದು.

ಈಗ ಮೂಲ ಪ್ರಶ್ನೆಗೆ ಬರುತ್ತೇನೆ, ಡಿ ಏರಿಸಿದರೆ ಬೀಳುವುದು ನಿಲ್ಲುತ್ತದೆಯೆ? ಡಿ ತೀರ ಕಡಿಮೆಯಾಗಿ ಮೂಳೆ ಮೆತ್ತಗಾದವರಲ್ಲಿ ತೊಡೆ ಮತ್ತು ಸೊಂಟದ ಸ್ನಾಯುಗಳು ಸೋಲುತ್ತವೆ, ನೆಲದಿಂದ ಏಳಲು ಆಗುವುದಿಲ್ಲ. ಅಂಥವರಿಗೆ ಡಿ ಕೊಟ್ಟರೆ ಬಲ ಮರಳುತ್ತದೆ. ಇದು ನಿಜ, ಔಷಧಿ ಅಂಗಡಿಯವರ ಮಾತಿನ ಬೇರೂ ಇಲ್ಲೇ ಇದೆ. ಆದರೆ ಕಿಡ್ನಿ ಸೋತವರ ಸ್ನಾಯು ಒಂದೇ ಕಾರಣಕ್ಕೆ ಕರಗುವುದಿಲ್ಲ. ರಕ್ತದ ಆಮ್ಲತೆ, ಒಳಗಿನ ಉರಿಯೂತ, ಹಸಿವಿಲ್ಲದೆ ಕಡಿಮೆಯಾದ ಊಟ, ಸಕ್ಕರೆ ಕಾಯಿಲೆಯಿಂದ ಸೋತ ನರ, ಕದಲದೆ ಮಲಗುವ ದಿನಗಳು, ಇವೆಲ್ಲವೂ ಸೇರುತ್ತವೆ. 2013ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಪ್ರಯೋಗದಲ್ಲಿ 60 ಡಯಾಲಿಸಿಸ್ ರೋಗಿಗಳಲ್ಲಿ ಕೆಲವರಿಗೆ ವಾರಕ್ಕೆ 50,000ದಂತೆ ಎಂಟು ವಾರ, ಅನಂತರ ತಿಂಗಳಿಗೊಂದರಂತೆ ಡಿ ಕೊಟ್ಟರು, ಉಳಿದವರಿಗೆ ಔಷಧಿಯಿಲ್ಲದ ಗುಳಿಗೆ. ಆರು ತಿಂಗಳಲ್ಲಿ ರಕ್ತದ ಅಂಕಿ ಚೆನ್ನಾಗಿ ಏರಿತು. ಸ್ನಾಯುವಿನ ಬಲದಲ್ಲಿ ವ್ಯತ್ಯಾಸ ಕಾಣಲಿಲ್ಲ.

ಇನ್ನೆರಡು ಪ್ರಯೋಗಗಳು ವಯಸ್ಸಾದವರ ಮೇಲೆ ನಡೆದವು. ಅವರು ಡಯಾಲಿಸಿಸ್ ರೋಗಿಗಳಲ್ಲ ಎಂಬುದನ್ನು ನೆನಪಿಡಬೇಕು. 2010ರಲ್ಲಿ ಆಸ್ಟ್ರೇಲಿಯಾದ 2,256 ಹಿರಿಯ ಮಹಿಳೆಯರ ಪ್ರಯೋಗ ಪ್ರಕಟವಾಯಿತು. ವರ್ಷಕ್ಕೊಮ್ಮೆ ಐದು ಲಕ್ಷ ಯೂನಿಟ್ ಪಡೆದವರು ಪಡೆಯದವರಿಗಿಂತ ಹೆಚ್ಚು ಬಿದ್ದರು, ಹೆಚ್ಚು ಮೂಳೆ ಮುರಿದುಕೊಂಡರು. 2016ರಲ್ಲಿ ಸ್ವಿಟ್ಜರ್ಲೆಂಡಿನ 200 ಜನರ ಪ್ರಯೋಗದಲ್ಲಿ ತಿಂಗಳಿಗೆ 24,000 ಪಡೆದವರಲ್ಲಿ ನೂರಕ್ಕೆ 48 ಮಂದಿ ಒಂದು ವರ್ಷದಲ್ಲಿ ಬಿದ್ದರೆ, 60,000 ಪಡೆದವರಲ್ಲಿ 67 ಮಂದಿ ಬಿದ್ದರು. ನಮ್ಮ ಅಂಗಡಿಗಳ ಪುಡಿಯ ಅಳತೆಯೇ ಅದು. ಹಾಗೆಂದು ನಿಮ್ಮ ತಾಯಿಯವರ 11ನ್ನು ಹಾಗೇ ಬಿಡಿ ಎಂದು ಹೇಳುತ್ತಿಲ್ಲ. ಕೊರತೆ ಇದ್ದರೆ ಇತರರಿಗೆ ಸರಿಪಡಿಸುವಂತೆಯೇ ಸರಿಪಡಿಸಿ ಎಂಬುದು 2017ರ ಅಂತರರಾಷ್ಟ್ರೀಯ ಕಿಡ್ನಿ ಮಾರ್ಗಸೂಚಿಯ ಸಲಹೆ. ಕೊರತೆಯನ್ನು ಕೊರತೆಗಾಗಿ ತುಂಬಿಸಿ. ಬೀಳುವುದರ ಕಾರಣವನ್ನು ಅದರ ಜಾಗದಲ್ಲೇ ಹುಡುಕಿ.

ಆ ಜಾಗ ಈಗ ಬಹುಮಟ್ಟಿಗೆ ಕಾಣುತ್ತಿದೆ. ಪ್ರಿಗಾಬಾಲಿನ್ ಹೊರಹೋಗುವುದು ಕಿಡ್ನಿಯ ಮೂಲಕವೇ. ಕಿಡ್ನಿ ಇಲ್ಲದವರಲ್ಲಿ ಅದು ಮೈಯಲ್ಲೇ ಉಳಿದು ತಲೆ ತಿರುಗಿಸುತ್ತದೆ, ನಡಿಗೆ ತೂರಾಡಿಸುತ್ತದೆ. 150 ಮಿಲಿಗ್ರಾಂ ಅವರಿಗೆ ಬಹಳ ಹೆಚ್ಚು. ಇನ್ಸುಲಿನ್ ಕೂಡ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುವುದರಿಂದ ನಸುಕಿನಲ್ಲಿ ಸಕ್ಕರೆ ಇಳಿದಿರಬಹುದು. ಎರಡು ಮೂರು ದಿನ ಆ ಹೊತ್ತಿಗೆ ಬೆರಳು ಚುಚ್ಚಿ ನೋಡಿ. ಯಾವುದನ್ನೂ ನೀವಾಗಿ ಒಮ್ಮೆಲೇ ನಿಲ್ಲಿಸಬೇಡಿ, ಈ ಪಟ್ಟಿಯನ್ನು ಹಿಡಿದುಕೊಂಡೇ ನಿಮ್ಮ ವೈದ್ಯರ ಬಳಿ ಹೋಗಿ.

ಫಿಸಿಯೊಥೆರಪಿಸ್ಟ್, ಯಾದಗಿರಿ

ಗೋಡೆಯ ಮೇಲಿನ ಹಿಟ್ಟಿನ ಗುರುತಿನ ಸಂಗತಿಯನ್ನು ಓದಿ ನನಗೆ ಬಹಳ ಹೊತ್ತು ಬೇರೆ ಕೆಲಸ ಮಾಡಲಾಗಲಿಲ್ಲ. ನೆಲದಿಂದ ಏಳಲು ಬೇಕಾದದ್ದು ತೊಡೆಯ ಮುಂಭಾಗದ ಮತ್ತು ಪೃಷ್ಠದ ಸ್ನಾಯುಗಳ ಬಲ; ಕಿಡ್ನಿ ರೋಗಿಗಳಲ್ಲಿ ಮೊದಲು ಕರಗುವವೂ ಅವೇ. ಇದನ್ನು ಮನೆಯಲ್ಲೇ ಅಳೆಯಬಹುದು. ಗೋಡೆಗೆ ಆನಿಸಿಟ್ಟ, ಕೈಗಳಿಲ್ಲದ ಗಟ್ಟಿ ಕುರ್ಚಿಯ ಮೇಲೆ ಕೂರಿಸಿ, ಕೈಗಳನ್ನು ಎದೆಯ ಮೇಲೆ ಕಟ್ಟಿಸಿ, ಐದು ಸಲ ಪೂರ್ತಿ ಎದ್ದು ಕೂರಲು ಹೇಳಿ. ನೀವು ಪಕ್ಕದಲ್ಲೇ ನಿಂತಿರಬೇಕು. ಏಷ್ಯಾದ ತಜ್ಞರು 2019ರಲ್ಲಿ ನಿಗದಿಪಡಿಸಿದ ಗಡಿ 12 ಸೆಕೆಂಡು. ಅದಕ್ಕಿಂತ ಹೆಚ್ಚು ಹೊತ್ತು ಹಿಡಿದರೆ ಸ್ನಾಯುವಿನ ಸಾಮರ್ಥ್ಯ ಕುಂದಿದೆ ಎಂದರ್ಥ.

ಈ ಪರೀಕ್ಷೆಯೇ ವ್ಯಾಯಾಮವೂ ಹೌದು. ಡಯಾಲಿಸಿಸ್ ಇಲ್ಲದ ದಿನ, ಊಟವಾಗಿ ಒಂದು ತಾಸಿನ ನಂತರ, ಮೊದಲ ವಾರ ಕುರ್ಚಿಯ ಮೇಲೊಂದು ಮಡಚಿದ ಕೌದಿ ಹಾಕಿ ಎತ್ತರ ಮಾಡಿ ಐದೈದರಂತೆ ಎರಡು ಸಲ. ಸಲೀಸಾದ ಮೇಲೆ ಕೌದಿಯ ಒಂದೊಂದೇ ಮಡಿಕೆ ಬಿಚ್ಚುತ್ತ ಬನ್ನಿ. ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು ಹತ್ತು ಸಲ. ಆಮೇಲೆ ನಡಿಗೆ. ಇಟಲಿಯಲ್ಲಿ ಡಯಾಲಿಸಿಸ್ ರೋಗಿಗಳಿಗೆ ಮನೆಯಲ್ಲೇ ಮಾಡುವ ಸರಳ ನಡಿಗೆಯ ಅಭ್ಯಾಸವನ್ನು ಆರು ತಿಂಗಳು ಕೊಟ್ಟ ಪ್ರಯೋಗ 2017ರಲ್ಲಿ ಪ್ರಕಟವಾಗಿದೆ. ಆರು ನಿಮಿಷದಲ್ಲಿ ಸರಾಸರಿ 328 ಮೀಟರ್ ನಡೆಯುತ್ತಿದ್ದವರು 367 ಮೀಟರ್ ನಡೆದರು, ಐದು ಸಲ ಏಳುವ ಹೊತ್ತು 20.5 ಸೆಕೆಂಡಿನಿಂದ 18.2ಕ್ಕೆ ಇಳಿಯಿತು. ಯಂತ್ರವಿಲ್ಲ, ಖರ್ಚಿಲ್ಲ. ಎದೆ ನೋವು, ಉಸಿರು ಕಟ್ಟುವುದು, ತಲೆ ತಿರುಗುವುದು ಕಂಡರೆ ಅಲ್ಲಿಗೇ ನಿಲ್ಲಿಸಬೇಕು. ಶುರು ಮಾಡುವ ಮೊದಲು ಹೃದಯದ ವಿಷಯವನ್ನು ವೈದ್ಯರಲ್ಲಿ ಕೇಳಿರಬೇಕು.

ಬಚ್ಚಲಿಗೆ ಹಾಸಿದ್ದು ಶಹಾಬಾದ್ ಕಲ್ಲೆ? ವರ್ಷಗಳ ತುಳಿತದಿಂದ ನುಣುಪಾದ ಆ ಕಲ್ಲಿನ ಮೇಲೆ ಸೋಪಿನ ನೀರು ಬಿದ್ದರೆ ಗಟ್ಟಿ ಕಾಲಿನವರೂ ಜಾರುತ್ತಾರೆ, ಸಕ್ಕರೆ ಕಾಯಿಲೆಯಿಂದ ಅಂಗಾಲಿನ ಸ್ಪರ್ಶ ಕಳೆದುಕೊಂಡವರಿಗಂತೂ ಜಾರುತ್ತಿರುವುದೇ ತಿಳಿಯುವುದಿಲ್ಲ. ಕಲ್ಲು ಕೆಲಸದವರನ್ನು ಕರೆಸಿ ಉಳಿಯಿಂದ ಒರಟು ಮಾಡಿಸಿ.

ಆಹಾರ ತಜ್ಞೆ, ಕಲಬುರಗಿ

ಒಂದೇ ಮಾತು. ಡಯಾಲಿಸಿಸ್‌ಗೆ ಮೊದಲು ಬೇಳೆ, ಮೊಟ್ಟೆ ಕಡಿಮೆ ಮಾಡಿ ಎಂದು ಹೇಳಿರುತ್ತಾರೆ; ಡಯಾಲಿಸಿಸ್ ಶುರುವಾದ ಮೇಲೂ ಬಹಳ ಮನೆಗಳಲ್ಲಿ ಅದೇ ಪಥ್ಯ ಮುಂದುವರಿಯುತ್ತದೆ. ಈಗ ಲೆಕ್ಕ ತಿರುಗಿದೆ: ದಿನಕ್ಕೆ ಪ್ರತಿ ಕಿಲೊ ತೂಕಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್, ಅಂದರೆ ತಾಯಿಯವರಿಗೆ 48ರಿಂದ 58 ಗ್ರಾಂ ಬೇಕು. ತೊಗರಿಯ ನಾಡಿನಲ್ಲಿದ್ದು ಬೇಳೆ ಬಿಟ್ಟು ಬರೀ ರೊಟ್ಟಿ, ಮಜ್ಜಿಗೆಯಲ್ಲಿ ದಿನ ಕಳೆದರೆ ಯಾವ ವ್ಯಾಯಾಮವೂ ಸ್ನಾಯು ಕಟ್ಟಲಾರದು. ಬೇಳೆಯನ್ನು ನೆನೆಸಿ, ಆ ನೀರು ಚೆಲ್ಲಿ ಬೇಯಿಸಿದರೆ ಪೊಟ್ಯಾಸಿಯಂ ಕೊಂಚ ಇಳಿಯುತ್ತದೆ. ಮೊಟ್ಟೆ ನಡೆಯುವ ಮನೆಯಾದರೆ ಬಿಳಿ ಭಾಗ ಅತ್ಯುತ್ತಮ, ಅದರಲ್ಲಿ ಫಾಸ್ಫರಸ್ ಬಹಳ ಕಡಿಮೆ.

ಬ್ರಹ್ಮಪುರ, ಕಲಬುರಗಿ (ಒಂಬತ್ತು ವಾರಗಳ ನಂತರ)

ಉತ್ತರಿಸಿದ ಎಲ್ಲರಿಗೂ ಲೆಕ್ಕ ಒಪ್ಪಿಸುವುದು ನನ್ನ ಕರ್ತವ್ಯ. ವೈದ್ಯರು ಪ್ರಿಗಾಬಾಲಿನ್ ಅನ್ನು ಹಂತ ಹಂತವಾಗಿ ಇಳಿಸಿ, ಈಗ 25ರ ಒಂದು ಗುಳಿಗೆಯನ್ನು ಡಯಾಲಿಸಿಸ್ ಮುಗಿದ ಮೇಲೆ ಮಾತ್ರ ಕೊಡುತ್ತಿದ್ದಾರೆ. ಬೆಳಗಿನ ಬಿ.ಪಿ. ಗುಳಿಗೆಗಳಲ್ಲಿ ಒಂದನ್ನು ರಾತ್ರಿಗೆ ಸರಿಸಿದರು. ಡಯಾಲಿಸಿಸ್ ಅರ್ಧ ತಾಸು ಹೆಚ್ಚಾಗಿದೆ, ಒಣ ತೂಕವನ್ನು 48.5 ಮಾಡಿದ್ದಾರೆ. ನಸುಕಿನ ಸಕ್ಕರೆ ಒಂದು ದಿನ 58 ಬಂತು, ಅಂದೇ ರಾತ್ರಿಯಿಂದ ಇನ್ಸುಲಿನ್ ಕಡಿಮೆಯಾಯಿತು. ಕ್ಯಾಲ್ಸಿಯಂ ಹೆಚ್ಚಿಲ್ಲದೆ 8.6 ಇದ್ದುದರಿಂದ ವಿಟಮಿನ್ ಡಿಯನ್ನೂ ಶುರು ಮಾಡಿದ್ದಾರೆ, ಅವರು ಬರೆದ ಅಳತೆಯಲ್ಲಿ, ಮುಂದಿನ ತಿಂಗಳು ಮತ್ತೆ ರಕ್ತ ನೋಡಬೇಕೆಂಬ ಷರತ್ತಿನ ಮೇಲೆ. ನಿಂತಾಗಿನ ಬಿ.ಪಿ. ಈಗ 110ರ ಕೆಳಗೆ ಬರುತ್ತಿಲ್ಲ. ಅವಳು ಮತ್ತೆ ಬಿದ್ದಿಲ್ಲ.

ಕುರ್ಚಿಯಿಂದ ಐದು ಸಲ ಏಳಲು ಮೊದಲ ದಿನ 27 ಸೆಕೆಂಡು ಹಿಡಿದಿತ್ತು, ಮೊನ್ನೆ ಭಾನುವಾರ 21. ಕೌದಿಯ ಎರಡು ಮಡಿಕೆ ಇನ್ನೂ ಕೆಳಗಿದೆ. ಬಚ್ಚಲಿನ ಕಲ್ಲನ್ನು ಒರಟು ಮಾಡಿಸಿದೆವು. ಅದೇ ದಿನ ಒಲೆಯ ಪಕ್ಕದ ಗೋಡೆಗೊಂದು ಸ್ಟೀಲಿನ ಹಿಡಿಕೆ ಹಾಕಿಸಬೇಕೆಂದಾಗ ಎಷ್ಟು ಎತ್ತರಕ್ಕೆ ಎಂದು ಕೆಲಸದವನು ಕೇಳಿದ. ಅವ್ವ ತನ್ನ ಅಂಗೈಯ ಆ ಬಿಳಿ ಗುರುತನ್ನು ತೋರಿಸಿದಳು, ಅಲ್ಲಿಯೇ ಮೊಳೆ ಹೊಡೆದ.